ಚೊಗರು, ಚೀಟಿ ಮತ್ತು ನನ್ನ ಫೈನಲ್ ಇಯರ್ ಡಿಸ್‌ಪ್ಲೇ

‘ಅಡಿಕೆಗೆ ಹಚ್ಚೋ ಚೊಗರನ್ನ ಪೇಪರಿಗೆ ಹಚ್ತಾನಂತೆ’ ಅಂತ ಹಾಸ್ಟೆಲಲ್ಲಿ ನಕ್ಕವರೇ ಈಗ ಚೊಗರು (ಅಡಿಕೆ ಬೇಯಿಸಿದಾಗ ಸಿಗುವ ಕಂದು ರಸ) ಕೇಳಿಕೊಂಡು ಖಾಲಿ ಬಾಟಲಿ ಹಿಡಿದು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಯ್ತು, ಒಂದೇ ಸಲ ಬರೆದುಬಿಡುತ್ತೇನೆ.

ಬಿವಿಎ (ದೃಶ್ಯಕಲೆ ಪದವಿ) ಪೇಂಟಿಂಗ್ ಕೊನೇ ವರ್ಷ, ಸ್ವಂತ ವಿಷಯದ ಸರಣಿ. ನಾನು ಸಾಗರದ ಕಡೆಯವನು; ಅಡಿಕೆ ಸುಲಿಯುವ ರಾತ್ರಿಗಳನ್ನು ತಗೊಂಡೆ. ಜುಲೈನಿಂದ ಸೆಪ್ಟೆಂಬರ್ ತನಕ ಅಕ್ರಿಲಿಕ್ಕಲ್ಲಿ 4 ಕ್ಯಾನ್‌ವಾಸ್. ಖರ್ಚಾದ ದುಡ್ಡು ಸುಮಾರು 4,500. ಲಾಟೀನಿತ್ತು, ಬಳೆ ತೊಟ್ಟ ಕೈಗಳಿದ್ದವು, ಅಡಿಕೆ ಸುಲಿಯೋ ಮೆಟ್ಟುಗತ್ತಿ ಫಳಫಳ ಹೊಳೆಯುತ್ತಿತ್ತು. ಸರ್ ಒಂದು ಸುತ್ತು ನೋಡಿ, ‘ಕ್ಯಾಲೆಂಡರ್ ಚೆನ್ನಾಗಿದೆ’ ಅಂದು ಮುಂದೆ ಹೋದರು. ಎರಡು ದಿನ ಮೆಸ್ಸಿಗೂ ಹೋಗಲಿಲ್ಲ ನಾನು. ಸಿಟ್ಟೇನೋ ಬಂತು, ಆದರೆ ಮಾತು ಸುಳ್ಳಾಗಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅಡಿಕೆ ಬೇಯುವ ಹಂಡೆ ಪಕ್ಕ ನಿಂತಿದ್ದೆ, ಅಂಗಿಗೆ ಚೊಗರು ಹಾರಿತು. ‘ಅದು ಇನ್ನು ಹೋಗಲ್ಲ ಮಾರಾಯ, ತೋಟಕ್ಕಿಟ್ಕೊ’ ಅಂದರು ಅಪ್ಪಯ್ಯ. ಹೋಗದ ಬಣ್ಣಕ್ಕೇ ಅಲ್ವಾ ನಾವು ಅಂಗಡಿಗೆ ದುಡ್ಡು ಸುರಿಯೋದು! 5 ಲೀಟರ್ ಕ್ಯಾನ್ ತುಂಬಿಸಿಕೊಂಡು ಬಸ್ ಹತ್ತಿದೆ.

ಮೊದಲ 8-10 ಶೀಟು ಹಾಳು. ದಪ್ಪಗೆ ಹಚ್ಚಿದರೆ ಒಣಗಿ ಬಿರಿಯುತ್ತದೆ, ತೆಳ್ಳಗೆ ಹಚ್ಚಿದರೆ ಟೀ ಚೆಲ್ಲಿದ ಹಾಗೆ. ಹತ್ತು ಹನ್ನೆರಡು ದಿನಕ್ಕೆ ಕ್ಯಾನಿನ ಮೇಲೆ ಬಿಳಿ ಬೂಷ್ಟು. ಲವಂಗದೆಣ್ಣೆ ನಾಲ್ಕು ಹನಿ ಬಿಟ್ಟ ಮೇಲೆ ತಡೆಯಿತು. ಕಪ್ಪು ಬೇಕಾದಾಗ ತುಕ್ಕು ಮೊಳೆಯನ್ನು ವಿನೆಗರಲ್ಲಿ ವಾರ ನೆನೆಸಿ ಆ ನೀರು ಎಳೆದೆ. ಚೊಗರಿನ ಮೇಲೆ ಬಿದ್ದ ತಕ್ಷಣ ಕಪ್ಪಾಗುತ್ತದೆ. ಬಟ್ಟೆ ಮೇಲೆ ಚಿತ್ರ ಬರೆಯೋ ಕಲಂಕಾರಿಯವರು ಬೆಲ್ಲ, ಕಬ್ಬಿಣ ಹುಳಿ ಬರಿಸಿ ಮಾಡುವ ಕಪ್ಪಿಗೆ ಇದು ನೆಂಟ. ಹೆಚ್ಚಾದರೆ ಪೇಪರನ್ನೇ ತಿನ್ನುತ್ತೆ, ಎರಡು ಶೀಟು ಮಡಚಿದಲ್ಲೇ ಮುರಿದವು. ನೀರಿಗೆಷ್ಟು, ಯಾವ ಹೊತ್ತಿಗೆ ಅನ್ನೋದು ನನ್ನ ಹತ್ತಿರವೇ ಇರಲಿ. 30 ಶೀಟು ಸುಟ್ಟುಕೊಂಡು ಕಲಿತದ್ದು.

ನಡುವೆ ಅರಿಶಿನಕ್ಕೆ ಸುಣ್ಣ ಹಾಕಿ ಕೆಂಪು ಮಾಡುವ ಹುಚ್ಚೂ ಹತ್ತಿತ್ತು. ಓಕುಳಿಯ ಕೆಂಪು, ಏನು ಚೆಂದ! ಕಿಟಕಿ ಬಿಸಿಲಿಗೆ ವಾರ ಇಟ್ಟೆ, ಮಂಕಾಗಿ ಕೂತಿತು. ಅಡಿಕೆ ಹಾಳೆ ಮೇಲೂ ಬರೆದು ನೋಡಿದೆ. ಒಣಗುತ್ತಾ ಸುರುಳಿ ಸುತ್ತಿಕೊಂಡಿತು, ಈಗ ರೂಮಲ್ಲಿ ಕಸ ಎತ್ತೋಕೆ ಉಪಯೋಗ.

ಇಷ್ಟೆಲ್ಲ ಬಣ್ಣದ ಕತೆ. ಸರಣಿ ನಿಂತಿದ್ದು ಬಣ್ಣದಿಂದಲ್ಲ, ಚೀಟಿಯಿಂದ.

ನಮ್ಮ ಕ್ರಿಟ್, ಅಂದರೆ ಕೆಲಸ ಎಲ್ಲರೆದುರು ಇಟ್ಟು ಚರ್ಚೆ ಮಾಡೋದು, ಹೇಗಿರುತ್ತೆ ಗೊತ್ತಲ್ಲ. ಮಾಡಿದವನು ಕಾಲು ಗಂಟೆ ಕಾನ್ಸೆಪ್ಟ್ ಹೇಳ್ತಾನೆ, ಗೆಳೆಯರು ‘ಸೂಪರ್ ಮಗಾ’ ಅಂತಾರೆ, ಮುಗೀತು. ಡಿಸೆಂಬರಲ್ಲಿ ನಾನು ಕೆಲಸ ಗೋಡೆಗೆ ಅಂಟಿಸಿ ಬಾಯಿ ಮುಚ್ಚಿ ಕೂತೆ. ಶೀರ್ಷಿಕೆ ಕೂಡ ಇಲ್ಲ. 14 ಜನಕ್ಕೆ ಚೀಟಿ ಹಂಚಿದೆ: ಕಣ್ಣು ಮೊದಲು ಎಲ್ಲಿ ಬಿತ್ತು, ಎಲ್ಲಿ ನಿಂತಿತು, ಎಲ್ಲಿ ಬೇಜಾರಾಯ್ತು. ಹೆಸರು ಬರೆಯೋ ಹಾಗಿಲ್ಲ. ‘ಇದೇನು ಎಸ್ಸೆಸ್ಸೆಲ್ಸಿ ಪರೀಕ್ಷೆನಾ’ ಅಂತ ಗೊಣಗಿದರು. ಮೇಡಂ ಒಬ್ಬರು ‘ಬಾಯಲ್ಲಿ ಹೇಳೋಕಾಗದವನು ಏನು ಪೇಂಟ್ ಮಾಡ್ತಾನೆ’ ಅಂದರು.

ಚೀಟಿ ಅಂದೇ ಓದಬಾರದು, ಇದು ನನ್ನ ನಿಯಮ. ಮಾರನೇ ದಿನ ಬಿಡಿಸಿದರೆ ಒಂಬತ್ತೋ ಹತ್ತೋ ಚೀಟಿಯಲ್ಲಿ ಒಂದೇ ಜಾಗ: ಮೂರನೇ ಚಿತ್ರದ ಎಡಮೂಲೆಯ ಖಾಲಿ ಗೋಣಿಚೀಲ. ಯಾರೋ ಎದ್ದು ಹೋಗಿ ಬಿಟ್ಟ ಮಣೆ ಥರ. ಜಾಗ ತುಂಬಲಿ ಅಂತ ನಾನು ಎಳೆದಿದ್ದು ಅದು! ಬೇಜಾರಿನ ಸಾಲಲ್ಲಿ ಇದ್ದದ್ದು ಮುಖಗಳು. ಅದರಲ್ಲೂ ಮೂರು ವಾರ ತಿದ್ದಿದ ಅಜ್ಜಿಯ ಮುಖ.

ಮುಖಗಳನ್ನೆಲ್ಲ ತೆಗೆದೆ. ಕೈಗಳನ್ನೂ ತೆಗೆದೆ. ಉಳಿದದ್ದು ಗೋಣಿ, ಮೆಟ್ಟುಗತ್ತಿ, ಸಿಪ್ಪೆ ರಾಶಿ, ಕೂತೆದ್ದ ಗುರುತು. ಆ ಹೊತ್ತಿಗೆ ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯಲ್ಲಿ ನೋಡಿದ್ದ ಹಳೇ ತಲೆಮಾರಿನ ಚಿತ್ರಕಾರ ಕೆ. ವೆಂಕಟಪ್ಪನವರ ಊಟಿ ಜಲವರ್ಣಗಳು ತಲೆಯಲ್ಲಿದ್ದವು. ಮಂಜಿಗೆ ಎಷ್ಟು ಜಾಗ ಬಿಡ್ತಾರೆ ಆ ಮನುಷ್ಯ! ನಾನೂ ಬಿಡಲು ಕಲಿತೆ.

ಇನ್ನೆರಡು ಸಲ ಚೀಟಿ ಹಂಚಿದೆ. 11 ಇದ್ದ ಚಿತ್ರ 7 ಆಯ್ತು. ಎರಡನೇ ಸಲದಿಂದ ನಾಲ್ಕನೇ ಪ್ರಶ್ನೆಯೂ ಸೇರಿಸಿದ್ದೆ, ಅದನ್ನಿಲ್ಲಿ ಬರೆಯಲ್ಲ.

ಫ್ರೇಮಲ್ಲಿ ಮತ್ತೆ ಏಟು. ಗಾಜಿಗೆ ತಾಗಿಸಿ ಕೂರಿಸಿದ್ದರು, ಸೆಖೆಗೆ ಚೊಗರು ಗಾಜಿಗೇ ಅಂಟಿತು. ಒಂದಕ್ಕೆ 650ರಂತೆ ಎರಡು ಫ್ರೇಮ್, ಎರಡು ಚಿತ್ರ ಹೋದವು. ಎರಡನ್ನೂ ಹೊಸದಾಗಿ ಮಾಡಿ, ಸುತ್ತ ದಪ್ಪ ರಟ್ಟಿನ ಮೌಂಟ್ ಕೊಟ್ಟು ಗಾಜು ದೂರ ಇಡಿಸಿದೆ. ಅಕ್ರಿಲಿಕ್ ಬಿಟ್ಟು ಲೆಕ್ಕ ಹಾಕಿದರೆ ಇಡೀ ಸರಣಿಗೆ 9,000 ಆಸುಪಾಸು. ಅದರಲ್ಲಿ ಬಣ್ಣಕ್ಕೆ 200 ಕೂಡ ಇಲ್ಲ.

ಮಾರ್ಕ್ಸ್ ಹಾಕೋ ಜ್ಯೂರಿ ದಿನ ಸರ್ ಗೋಣಿ ಮುಂದೆ ಹತ್ತು ನಿಮಿಷ ನಿಂತರು. ಒಂದು ಮಾತೂ ಆಡದೆ ಜೇಬಿಂದ ಪೆನ್ ತೆಗೆದು, ‘ಚೀಟಿ ಎಲ್ಲಪ್ಪ?’ ಅಂದರು.