ಚಿಕ್ಕ ವಯಸ್ಸಿನ ರಕ್ತದೊತ್ತಡದ ಮೂಲವನ್ನು ಹುಡುಕುವ ಬಗೆ

‘ಬಿಪಿ ನಮ್ಮ ಮನೆತನದಲ್ಲೇ ಇದೆ’ ಎಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಹೆಚ್ಚಿನವರಲ್ಲಿ ಇದೊಂದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು ಎಂಬುದೂ ನಿಜ. ಆದರೆ 30 ವರ್ಷದೊಳಗೇ ಒತ್ತಡ ಏರಿದ್ದರೆ, ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿ ಮೂರು ಬಗೆಯ ಔಷಧಗಳನ್ನು ತಪ್ಪದೆ ತೆಗೆದುಕೊಂಡರೂ ಅದು 140/90ಕ್ಕಿಂತ ಕೆಳಗಿಳಿಯದಿದ್ದರೆ, ಅಥವಾ ಹತೋಟಿಯಲ್ಲಿದ್ದದ್ದು ಏಕಾಏಕಿ ಕೈಮೀರಿದರೆ, ಒಳಗೆ ಬೇರೊಂದು ಕಾಯಿಲೆ ಅಡಗಿದೆಯೇ ಎಂದು ನೋಡಲೇಬೇಕು.

ಮೊದಲು ಅಳತೆ ಸರಿಯಿರಲಿ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿರಬೇಕು; ಬೆನ್ನಿಗೆ ಆಸರೆ ಕೊಟ್ಟು 5 ನಿಮಿಷ ಮಾತಾಡದೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆಯಬೇಕು. ಒಮ್ಮೆಯಾದರೂ ಎರಡೂ ತೋಳುಗಳಲ್ಲಿ ನೋಡಿಸಿ. ಒಂದು ತೋಳಿಗೂ ಇನ್ನೊಂದಕ್ಕೂ ಬಹಳ ವ್ಯತ್ಯಾಸವಿದ್ದರೆ, ಅದರಲ್ಲೂ ಎಳೆಯ ಹೆಣ್ಣುಮಕ್ಕಳಲ್ಲಿ ಒಂದು ಕೈಯ ನಾಡಿ ಕ್ಷೀಣವಾಗಿದ್ದರೆ, ದೊಡ್ಡ ರಕ್ತನಾಳಗಳ ಉರಿಯೂತವಾದ ತಕಾಯಾಸು ಕಾಯಿಲೆಯನ್ನು ವೈದ್ಯರು ಶಂಕಿಸುತ್ತಾರೆ. ತೋಳಿನಲ್ಲಿ ಹೆಚ್ಚು, ಕಾಲಿನಲ್ಲಿ ಕಡಿಮೆ ಒತ್ತಡವಿದ್ದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ ಹುಟ್ಟಿನಿಂದಲೇ ಕಿರಿದಾಗಿರಬಹುದು.

ಇನ್ನು ಮನೆತನದ ವಿಷಯ. ‘ಬಿಪಿ ಇತ್ತು’ ಎಂಬ ಎರಡು ಪದ ವೈದ್ಯರಿಗೆ ಏನೂ ಹೇಳುವುದಿಲ್ಲ. ಯಾರಿಗೆ, ಎಷ್ಟನೆಯ ವಯಸ್ಸಿನಲ್ಲಿ ಬಂತು, ಡಯಾಲಿಸಿಸ್ ಬೇಕಾಯಿತೇ, 40ರ ಒಳಗೆ ಯಾರಿಗಾದರೂ ಲಕ್ವ ಹೊಡೆದಿತ್ತೇ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಮೂತ್ರಪಿಂಡಗಳಲ್ಲಿ ನೀರುಗುಳ್ಳೆಗಳು ತುಂಬುವ ಪಾಲಿಸಿಸ್ಟಿಕ್ ಕಾಯಿಲೆಯ ಸಾಮಾನ್ಯ ಬಗೆಯಲ್ಲಿ, ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅದು ಬರುವ ಸಾಧ್ಯತೆ ಶೇ. 50. ನಿಮ್ಮ ತಂದೆ ತಾಯಿಯರದು ಸೋದರಮಾವ ಅಥವಾ ಸೋದರತ್ತೆಯ ಮಕ್ಕಳೊಡನೆ ಆದ ಮದುವೆಯಾಗಿದ್ದರೆ ಅದನ್ನೂ ಸಂಕೋಚವಿಲ್ಲದೆ ತಿಳಿಸಿ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಕೆಲವು ತೊಂದರೆಗಳು ಮಕ್ಕಳಲ್ಲೇ ಒತ್ತಡ ಏರಿಸಬಲ್ಲವು.

ನೋವಿನ ಮಾತ್ರೆ, ಸ್ಟೀರಾಯ್ಡ್, ಗರ್ಭನಿರೋಧಕ ಗುಳಿಗೆ, ಕಟ್ಟಿದ ಮೂಗು ಬಿಡಿಸುವ ಔಷಧ, ಇವೂ ಒತ್ತಡ ಏರಿಸಬಲ್ಲವು; ತೆಗೆದುಕೊಳ್ಳುತ್ತಿದ್ದರೆ ಎಲ್ಲವನ್ನೂ ಪಟ್ಟಿಗೆ ಸೇರಿಸಿ. ಕೆಮ್ಮಿಗೆಂದು ದಿನವೂ ಜಗಿಯುವ ಜೇಷ್ಠಮಧುವನ್ನು ಯಾರೂ ಹೇಳುವುದಿಲ್ಲ. ಅದು ಹೆಚ್ಚಾದರೆ ಪೊಟ್ಯಾಸಿಯಂ ಇಳಿದು ಒತ್ತಡ ಏರುತ್ತದೆ.

ದೇಹ ತೋರಿಸುವ ಗುರುತುಗಳನ್ನೂ ಗಮನಿಸಿ. ತಲೆನೋವು, ಬೆವರು, ಎದೆಬಡಿತ ಮೂರೂ ಒಟ್ಟಿಗೆ ಅಲೆಯಂತೆ ಬಂದುಹೋಗುವುದು ಅಡ್ರಿನಲ್ ಗ್ರಂಥಿಯ ಫಿಯೋಕ್ರೋಮೋಸೈಟೋಮಾ ಎಂಬ ಗಡ್ಡೆಯ ಸೂಚನೆಯಿರಬಹುದು. ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುವುದು ನಿದ್ರೆಯ ಉಸಿರುಕಟ್ಟುವಿಕೆಯಿರಬಹುದು. ಇವೆಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪುವುದು, ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಅಡ್ರಿನಲ್ ಹಾರ್ಮೋನಾದ ಅಲ್ಡೋಸ್ಟೆರೋನ್ ಮಿತಿಮೀರಿ ಸ್ರವಿಸುವ ಕಾಯಿಲೆ. 1955ರಲ್ಲಿ ಅಮೆರಿಕದ ವೈದ್ಯ ಜೆರೋಮ್ ಕಾನ್ ಇದನ್ನು ವಿವರಿಸಿದರು. ಪೊಟ್ಯಾಸಿಯಂ ಕುಸಿದು ಸ್ನಾಯುಗಳು ಸೋಲುವುದು ಇದರ ಲಕ್ಷಣವಾದರೂ, ಅನೇಕರಲ್ಲಿ ಪೊಟ್ಯಾಸಿಯಂ ಸರಿಯಾಗಿಯೇ ಇರುವುದರಿಂದ ರೋಗ ವರ್ಷಗಟ್ಟಲೆ ಮರೆಯಲ್ಲುಳಿಯುತ್ತದೆ. ಒಂದೇ ಬದಿಯ ಗ್ರಂಥಿಯಲ್ಲಿ ದೋಷವಿದ್ದರೆ ಶಸ್ತ್ರಚಿಕಿತ್ಸೆಯಿಂದ ಕೆಲವರಿಗೆ ಮಾತ್ರೆಗಳೇ ಬೇಡವಾಗುತ್ತವೆ. ಆದ್ದರಿಂದ ರಕ್ತದಲ್ಲಿ ಅಲ್ಡೋಸ್ಟೆರೋನ್ ಮತ್ತು ಅದನ್ನು ನಿಯಂತ್ರಿಸುವ ರೆನಿನ್‌ನ ಪರೀಕ್ಷೆ ತಮಗೆ ಬೇಕೇ ಎಂದು ವೈದ್ಯರನ್ನು ನೇರವಾಗಿ ಕೇಳಿ. ಕೆಲವು ಬಿಪಿ ಮಾತ್ರೆಗಳು ಈ ಪರೀಕ್ಷೆಯ ಫಲಿತಾಂಶವನ್ನು ಏರುಪೇರು ಮಾಡುತ್ತವೆ. ಹಾಗೆಂದು ಅವುಗಳನ್ನು ನೀವಾಗಿಯೇ ನಿಲ್ಲಿಸದೆ, ಯಾವುದನ್ನು ಎಷ್ಟು ದಿನ ಬದಲಿಸಬೇಕೆಂಬುದನ್ನು ಅವರಿಂದಲೇ ಬರೆಸಿಕೊಳ್ಳಿ.