ಪಿಯುಸಿ ಮುಗಿಯಿತಾ? ವಿದ್ಯಾರ್ಥಿವೇತನದ ಕೆಲಸ ಈಗಲೇ ಶುರು ಮಾಡಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಕೂಡಲೇ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಮುಂದೆ ಏನು ಓದೋದು? ಅದಕ್ಕೆ ದುಡ್ಡು ಎಲ್ಲಿಂದ ಹೊಂದಿಸೋದು? ಮೊದಲನೆಯದಕ್ಕೆ ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಎರಡನೆಯದಕ್ಕೆ ಉತ್ತರ ಗೊತ್ತಿರುವವರು ಕಡಿಮೆ. ನಾನು ಕಂಡ ಮಟ್ಟಿಗೆ ಅಂಕ ಸಾಲದೆ ವಿದ್ಯಾರ್ಥಿವೇತನ ಕಳೆದುಕೊಂಡವರಿಗಿಂತ ಕಾಗದಪತ್ರ ಹೊಂದದೆ ಕಳೆದುಕೊಂಡವರೇ ಜಾಸ್ತಿ. ಹಾಗಾಗಿ ಈ ಲೇಖನ ಯೋಜನೆಗಳ ಪಟ್ಟಿಯಿಂದ ಶುರುವಾಗುವುದಿಲ್ಲ, ನಿಮ್ಮ ಹೆಸರಿನಿಂದ ಶುರುವಾಗುತ್ತದೆ.

ಮೊದಲು ಹೆಸರು ಹೊಂದಿಸಿ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡ್ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಅಂಕಪಟ್ಟಿಯಲ್ಲಿ ‘ಮಂಜುಳ ಆರ್’ ಅಂತಿದೆ, ಆಧಾರ್‌ನಲ್ಲಿ ‘ಮಂಜುಳಾ ರಾಮಪ್ಪ’ ಅಂತಿದೆ ಅಂದುಕೊಳ್ಳಿ. ನಮಗೆ ಇಬ್ಬರೂ ಒಬ್ಬರೇ. ಕಂಪ್ಯೂಟರಿಗೆ ಹಾಗಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ‘ಎ’ ಹೆಚ್ಚಾದರೂ ಅದು ತಕರಾರು ತೆಗೆಯಬಹುದು. ಇನಿಷಿಯಲ್ ಹಿಂದೆ ಮುಂದೆ ಆಗಿರುವುದು, ಹುಟ್ಟಿದ ದಿನಾಂಕ ಬೇರೆ ಇರುವುದು, ಅಪ್ಪನ ಹೆಸರು ಒಂದು ಕಡೆ ಪೂರ್ತಿ, ಇನ್ನೊಂದು ಕಡೆ ಅರ್ಧ ಇರುವುದು, ಎಲ್ಲವನ್ನೂ ಗುರುತು ಹಾಕಿಕೊಳ್ಳಿ.

ಸಾಮಾನ್ಯವಾಗಿ ಅಂಕಪಟ್ಟಿಯನ್ನು ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಹುಟ್ಟಿದ ದಿನಾಂಕವನ್ನು ಒಂದು ಸಲ ಮಾತ್ರ ಬದಲಿಸಲು ಅವಕಾಶ ಇದೆ. ಕೇಂದ್ರದಲ್ಲಿ ಸ್ಲಿಪ್ ಕೊಟ್ಟಾಗ ಅಲ್ಲೇ ನಿಂತು ಒಂದೊಂದು ಅಕ್ಷರ ಓದಿ, ಆಮೇಲೆ ಒಪ್ಪಿಗೆ ಹೇಳಿ.

ಇನ್ನೂ ಎರಡು ವಿಷಯ ಅಲ್ಲೇ ಮುಗಿಸಿಕೊಳ್ಳಿ. ಒಂದು, ಆಧಾರ್‌ಗೆ ಜೋಡಿಸಿರುವ ಮೊಬೈಲ್ ನಂಬರ್ ಈಗ ಚಾಲ್ತಿಯಲ್ಲಿದೆಯಾ ನೋಡಿ. ಮುಂದೆ ಎಲ್ಲ ಕಡೆ ಒಟಿಪಿ ಬೇಕು. ಎಷ್ಟೋ ಮನೆಗಳಲ್ಲಿ ಅದು ಎಂದೋ ಬಿಸಾಕಿದ ಸಿಮ್‌ನ ನಂಬರ್ ಆಗಿರುತ್ತದೆ. ಇನ್ನೊಂದು, 15 ವರ್ಷ ತುಂಬಿದ ಮೇಲೆ ಬೆರಳಚ್ಚು, ಕಣ್ಣು, ಮುಖದ ಗುರುತನ್ನು ಹೊಸದಾಗಿ ಕೊಡಬೇಕು. ಇದನ್ನು ಮಾಡಿಸದೆ ಇದ್ದರೆ ಮುಂದೆ ಮೊಬೈಲ್‌ನಲ್ಲಿ ಮುಖ ತೋರಿಸಿ ದೃಢೀಕರಿಸುವ ಹಂತದಲ್ಲಿ ತೊಡಕಾಗಬಹುದು.

ಜಾತಿ, ಆದಾಯ ಪ್ರಮಾಣಪತ್ರ

ಸಿಇಟಿ ಅರ್ಜಿ ಹಾಕುವಾಗ ಇವನ್ನು ಮಾಡಿಸಿದ್ದರೆ ಅದೇ ಸಾಕು. ಪ್ರಮಾಣಪತ್ರದ ಮೇಲಿರುವ ‘ಆರ್‌ಡಿ’ಯಿಂದ ಶುರುವಾಗುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಅರ್ಜಿಯಲ್ಲಿ ಕೇಳುವುದು ಅದನ್ನೇ. ಆದಾಯ ಪ್ರಮಾಣಪತ್ರ 5 ವರ್ಷ ನಡೆಯುತ್ತದೆ. ಎಂಟನೆಯ ತರಗತಿಯಲ್ಲಿದ್ದಾಗ ಮಾಡಿಸಿದ್ದು ಡಿಗ್ರಿಯ ಮೊದಲ ವರ್ಷದಲ್ಲೇ ಅವಧಿ ಮುಗಿಯುತ್ತದೆ, ಅದನ್ನು ಮರೆಯಬೇಡಿ. ಹೊಸದು ಬೇಕಾದರೆ ನಾಡಕಚೇರಿಯಲ್ಲಿ ಅಥವಾ ಗ್ರಾಮ ಒನ್ ಕೇಂದ್ರದಲ್ಲಿ ಅರ್ಜಿ ಕೊಡಿ. ಗ್ರಾಮ ಆಡಳಿತ ಅಧಿಕಾರಿ ವರದಿ ಕೊಟ್ಟ ಮೇಲೆ ತಾನೇ ಅದು ಕೈಗೆ ಬರೋದು? ಕಾಲೇಜು ಶುರುವಾಗುವ ಹೊತ್ತಿಗೆ ಅಲ್ಲಿ ನೂಕುನುಗ್ಗಲು. ರಜೆಯಲ್ಲೇ ಈ ಕೆಲಸ ಮುಗಿಸಿ.

ಬ್ಯಾಂಕ್ ಖಾತೆ: ದುಡ್ಡು ನಿಲ್ಲುವುದು ಇಲ್ಲೇ

ಅರ್ಜಿ ಮಂಜೂರಾಗಿದೆ, ದುಡ್ಡು ಮಾತ್ರ ಬಂದಿಲ್ಲ. ಈ ದೂರು ಪ್ರತಿ ಕಾಲೇಜಿನಲ್ಲೂ ಕೇಳಿಸುತ್ತದೆ. ಕಾರಣ ಹುಡುಕಿದರೆ ಬಹಳ ಸಲ ಸಿಗುವುದು ಬ್ಯಾಂಕಿನಲ್ಲಿ.

ಸರ್ಕಾರದ ವಿದ್ಯಾರ್ಥಿವೇತನ ಬಹುಪಾಲು ಆಧಾರ್ ಸಂಖ್ಯೆಯ ಮೇಲೆ ಬರುತ್ತದೆ. ನೀವು ಪಾಸ್‌ಬುಕ್ ಯಾವುದು ಕೊಟ್ಟಿರಿ ಅನ್ನುವುದಲ್ಲ, ಆಧಾರ್‌ಗೆ ಯಾವ ಬ್ಯಾಂಕ್ ಜೋಡಣೆಯಾಗಿದೆ ಅನ್ನುವುದು ಮುಖ್ಯ. ಎನ್‌ಪಿಸಿಐ ಎಂಬ ಸಂಸ್ಥೆಯ ದಾಖಲೆಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತದೆ. ಕೊನೆಯದಾಗಿ ಯಾವುದನ್ನು ಜೋಡಿಸಿದಿರೋ ಅದಕ್ಕೇ ದುಡ್ಡು ಹೋಗುತ್ತದೆ. ಮೊಬೈಲ್ ಅಂಗಡಿಯಲ್ಲಿ ಸುಮ್ನೆ ಒಂದು ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಮರೆತುಬಿಟ್ಟಿರುತ್ತೀರಿ. ವಿದ್ಯಾರ್ಥಿವೇತನ ಅಲ್ಲಿಗೆ ಹೋಗಿ ಕೂತಿರಬಹುದು.

ಬ್ಯಾಂಕಿನಲ್ಲಿ ಆಧಾರ್ ಜೆರಾಕ್ಸ್ ಕೊಟ್ಟು ಕೆವೈಸಿ ಮಾಡಿಸಿದ ಮಾತ್ರಕ್ಕೆ ಈ ಜೋಡಣೆ ಆಗಿಬಿಡುವುದಿಲ್ಲ. ‘ಆಧಾರ್ ಸೀಡಿಂಗ್ ಮಾಡಿಕೊಡಿ, ಎನ್‌ಪಿಸಿಐಗೆ ಮ್ಯಾಪ್ ಆಗಬೇಕು’ ಅಂತ ಬಾಯಿಬಿಟ್ಟು ಕೇಳಿ, ಫಾರಂ ತುಂಬಿ ಕೊಡಿ. ಕೆಲವು ದಿನ ಬಿಟ್ಟು ಆಧಾರ್ ವೆಬ್‌ಸೈಟಿಗೆ ಒಟಿಪಿ ಹಾಕಿ ಒಳಗೆ ಹೋಗಿ. ಅಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಬ್ಯಾಂಕಿನ ಹೆಸರೂ ಅದು ಚಾಲ್ತಿಯಲ್ಲಿದೆಯೋ ಇಲ್ಲವೋ ಅನ್ನುವುದೂ ಕಾಣುತ್ತದೆ. ಖಾತೆ ವಿದ್ಯಾರ್ಥಿಯ ಸ್ವಂತ ಹೆಸರಿನಲ್ಲೇ ಇರಲಿ. ಹೈಸ್ಕೂಲಿನಲ್ಲಿ ತೆರೆದ ಖಾತೆಯಲ್ಲಿ ಎರಡು ವರ್ಷ ವ್ಯವಹಾರವೇ ಆಗಿಲ್ಲವೆಂದರೆ ಅದು ನಿಷ್ಕ್ರಿಯವಾಗಿರುತ್ತದೆ. ಹೋಗಿ ಮತ್ತೆ ಚಾಲೂ ಮಾಡಿಸಿ.

ಈಗ ಹುಡುಕಾಟ

ಮೊದಲ ಬಾಗಿಲು ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್, ಎಲ್ಲರ ಬಾಯಲ್ಲಿ ಎಸ್‌ಎಸ್‌ಪಿ. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳು, ಅಲ್ಪಸಂಖ್ಯಾತರು, ಕಾರ್ಮಿಕ ಇಲಾಖೆ ಹೀಗೆ ಹಲವು ಇಲಾಖೆಗಳ ನೆರವಿಗೆ ಇಲ್ಲೇ ಅರ್ಜಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ, ವಸತಿಯ ಖರ್ಚಿಗೆ ವಿದ್ಯಾಸಿರಿ ಇದೆ. ಅಪ್ಪ ಅಮ್ಮ ಕಟ್ಟಡ ಕಾರ್ಮಿಕರಾಗಿ ನೋಂದಾಯಿಸಿ ಕಾರ್ಡ್ ಪಡೆದಿದ್ದರೆ ಆ ಮಂಡಳಿಯಿಂದ ಶೈಕ್ಷಣಿಕ ಸಹಾಯಧನಕ್ಕೆ ಕೇಳಬಹುದು. ಕಾರ್ಡ್ ನವೀಕರಣ ಆಗಿರಬೇಕು, ಅಷ್ಟೇ.

ಪರಿಶಿಷ್ಟ ಜಾತಿ, ಪಂಗಡದವರು ಇನ್ನೊಂದನ್ನು ಮರೆಯುತ್ತಾರೆ. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಿಯುಸಿ ಪಾಸಾದರೆ ಕರ್ನಾಟಕ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ. ಇದು ವಿದ್ಯಾರ್ಥಿವೇತನದ ಜತೆ ತಾನಾಗಿ ಬರುವುದಿಲ್ಲ, ಇದಕ್ಕೆ ಪ್ರತ್ಯೇಕ ಅರ್ಜಿ ಹಾಕಬೇಕು.

ಎರಡನೆಯ ಬಾಗಿಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಪೋರ್ಟಲ್, ಎನ್‌ಎಸ್‌ಪಿ. ಇಲ್ಲಿ ಮೊದಲು ಒಟಿಆರ್, ಅಂದರೆ ಒಂದೇ ಸಲದ ನೋಂದಣಿ ಮಾಡಿ 14 ಅಂಕಿಯ ಸಂಖ್ಯೆ ಪಡೆಯಬೇಕು. ಓದು ಮುಗಿಯುವವರೆಗೂ ಅದೇ ಸಂಖ್ಯೆ. ಅರ್ಜಿ ಕರೆಯುವವರೆಗೆ ಕಾಯಬೇಡಿ, ಇದನ್ನು ಮೊದಲೇ ಮಾಡಿಟ್ಟುಕೊಳ್ಳಿ.

‘ನಮಗೆ ಜಾತಿ ಮೀಸಲಾತಿ ಇಲ್ಲ, ನಮಗೇನೂ ಸಿಗಲ್ಲ’ ಅನ್ನುವವರು ಇಲ್ಲಿಗೆ ಬರಲೇಬೇಕು. ಪಿಎಂ-ಯುಎಸ್‌ಪಿ ಕೇಂದ್ರೀಯ ವಲಯದ ಯೋಜನೆ ಎಲ್ಲ ವರ್ಗದವರಿಗೂ ತೆರೆದಿದೆ. ನಿಮ್ಮ ಬೋರ್ಡ್‌ನಲ್ಲಿ, ನಿಮ್ಮ ವಿಭಾಗದಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು. ಶೇ 80 ಅಂಕ ಅಂತಲ್ಲ, ಪಾಸಾದವರ ಪೈಕಿ ಮೇಲಿನ ಐದನೆಯ ಒಂದು ಭಾಗದಲ್ಲಿ ಇರಬೇಕು ಅಂತ. ಇದನ್ನು ತಪ್ಪು ತಿಳಿದು ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಮನೆಯ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರಿರಬಾರದು. ಡಿಗ್ರಿಯ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರಕ್ಕೆ ಹೋದರೆ 20,000. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 82,000 ಹೊಸಬರನ್ನು ಆರಿಸುತ್ತಾರೆ, ಅದರಲ್ಲಿ ಅರ್ಧ ಹುಡುಗಿಯರಿಗೆ.

ಇಂಜಿನಿಯರಿಂಗ್‌ನಂಥ ತಾಂತ್ರಿಕ ಕೋರ್ಸಿನ ಮೊದಲ ವರ್ಷಕ್ಕೆ ಸೇರಿದ ಹುಡುಗಿಯರು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇಯ ಪ್ರಗತಿ ಯೋಜನೆ ನೋಡಿ. ವರ್ಷಕ್ಕೆ 50,000 ರೂಪಾಯಿ, ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರಿಗೆ ಅವಕಾಶ. ಅಂಗವಿಕಲರಿಗೆ ಸಕ್ಷಮ್ ಇದೆ. ಬೀಡಿ ಕಾರ್ಮಿಕರ ಮಕ್ಕಳಿಗೂ ಎನ್‌ಎಸ್‌ಪಿಯಲ್ಲಿ ಯೋಜನೆ ಇದೆ. ಮಾಜಿ ಸೈನಿಕರ ಮಕ್ಕಳಿಗೆ ಕೇಂದ್ರೀಯ ಸೈನಿಕ ಮಂಡಳಿಯ ಪ್ರಧಾನ ಮಂತ್ರಿ ವಿದ್ಯಾರ್ಥಿವೇತನ ಇದೆ. ಪಿಯುಸಿಯಲ್ಲಿ ಶೇ 60 ಅಂಕ ಬೇಕು, ವೃತ್ತಿಪರ ಕೋರ್ಸ್ ಆಗಿರಬೇಕು.

ಮೂರನೆಯದು ಖಾಸಗಿ ಪ್ರತಿಷ್ಠಾನಗಳು. ಇಲ್ಲಿ ನಾನು ಮೊದಲು ಹೆಸರಿಸುವುದು ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ. ಹತ್ತು ಮತ್ತು ಹನ್ನೆರಡನೆಯ ತರಗತಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಓದಿದ ಹುಡುಗಿ ಡಿಗ್ರಿಗೋ ಡಿಪ್ಲೊಮಾಗೋ ಸೇರಿದರೆ ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ. ನಿಮ್ಮ ಕೇರಿಯಲ್ಲಿ ಅಂಥ ಹುಡುಗಿ ಇದ್ದರೆ ದಯವಿಟ್ಟು ಇವತ್ತೇ ಹೇಳಿ. ಫೀಸಿಗೆ ಅಂತ ಓದು ಬಿಡಿಸುವ ಮನೆಯಲ್ಲಿ ಈ ದುಡ್ಡು ದೊಡ್ಡದು. ರಿಲಯನ್ಸ್ ಫೌಂಡೇಶನ್ನಿನ ಪದವಿ ವಿದ್ಯಾರ್ಥಿವೇತನಕ್ಕೆ ಯಾವ ವಿಷಯ ಓದುವವರಾದರೂ ಸರಿ, ಮೊದಲ ವರ್ಷದಲ್ಲಿರಬೇಕು, ಆನ್‌ಲೈನ್ ಪರೀಕ್ಷೆ ಬರೆಯಬೇಕು. ಪೂರ್ತಿ ಪದವಿಗೆ ಸೇರಿ 2 ಲಕ್ಷ ರೂಪಾಯಿವರೆಗೆ ಸಿಗುತ್ತದೆ.

ಇನ್ನು ಯಾರೂ ಪಟ್ಟಿ ಮಾಡದ ಸಣ್ಣ ಸಣ್ಣ ನೆರವು. ಜನಾಂಗದ ಸಂಘದ ಪ್ರತಿಭಾ ಪುರಸ್ಕಾರ, ಅಪ್ಪ ಹಾಲು ಹಾಕುವ ಸಹಕಾರ ಸಂಘ, ಕಾಲೇಜಿನ ದತ್ತಿನಿಧಿ, ಹಳೆ ವಿದ್ಯಾರ್ಥಿಗಳ ಬಳಗ. ಕೊಡುವುದು ಎರಡು ಮೂರು ಸಾವಿರ ಇರಬಹುದು, ಆದರೆ ಕೇಳುವವರೂ ಕಡಿಮೆ. ದೇಶದ ಲಕ್ಷಾಂತರ ಮಕ್ಕಳ ಜತೆ ಪೈಪೋಟಿ ಮಾಡುವ ಅರ್ಜಿಗೆ ಕೊಡುವ ಸಮಯದಲ್ಲಿ ಅರ್ಧವನ್ನಾದರೂ ಇವಕ್ಕೆ ಕೊಡಿ ಅನ್ನುವುದು ನನ್ನ ಸಲಹೆ. ಕಾಲೇಜಿನ ನೋಟಿಸ್ ಬೋರ್ಡ್ ಮತ್ತು ಕಚೇರಿಯ ಗುಮಾಸ್ತರು, ಇಬ್ಬರನ್ನೂ ಆಗಾಗ ವಿಚಾರಿಸಿಕೊಳ್ಳುತ್ತಿರಿ.

ಸರ್ಕಾರದ ಎರಡು ವಿದ್ಯಾರ್ಥಿವೇತನವನ್ನು ಒಟ್ಟಿಗೆ ಪಡೆಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಖಾಸಗಿಯವರ ನಿಯಮ ಒಬ್ಬೊಬ್ಬರದು ಒಂದೊಂದು ಥರ. ಅರ್ಜಿ ಹಾಕುವ ಮೊದಲೇ ಅದನ್ನು ಓದಿ.

ಅರ್ಜಿ ತುಂಬುವಾಗ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯೋಜನೆಯ ಹೆಸರು, ಕೊನೆಯ ದಿನಾಂಕ, ಯೂಸರ್ ಐಡಿ, ಅರ್ಜಿ ಸಂಖ್ಯೆ, ಪಾಸ್‌ವರ್ಡ್, ಎಲ್ಲ ಅದರಲ್ಲೇ. ಸೈಬರ್ ಸೆಂಟರ್‌ನಲ್ಲಿ ತುಂಬಿಸಿದರೂ ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಅಂಗಡಿಯವರ ನಂಬರ್ ಹಾಕಿಸಿಕೊಂಡು ಮುಂದಿನ ವರ್ಷ ಒಟಿಪಿಗೆ ಪರದಾಡುವವರು ತುಂಬಾ ಜನ. ಕೊನೆಯ ಎರಡು ದಿನ ಸರ್ವರ್ ನಿಧಾನ, ಅದಕ್ಕೆ ಮೊದಲೇ ಮುಗಿಸಿ. ಎಸ್‌ಎಸ್‌ಪಿಯಲ್ಲಿ ಅಂಕಪಟ್ಟಿ ಮುಂತಾದವಕ್ಕೆ ಇ-ದೃಢೀಕರಣ ಕೇಳುತ್ತದೆ. ಮೂಲ ದಾಖಲೆ ತೆಗೆದುಕೊಂಡು ಕಾಲೇಜಿನಲ್ಲಿ ಅದಕ್ಕೆಂದೇ ಇರುವ ಅಧಿಕಾರಿಯ ಹತ್ತಿರ ಹೋದರೆ ಮಾಡಿಕೊಡುತ್ತಾರೆ.

ಖಾಸಗಿ ಅರ್ಜಿಗಳಲ್ಲಿ ‘ನಿಮ್ಮ ಬಗ್ಗೆ ಬರೆಯಿರಿ’ ಅಂತ ಕೇಳುತ್ತಾರೆ. ಇಲ್ಲಿ ಹೆಚ್ಚಿನವರು ಬರೆಯುವುದು ಒಂದೇ: ‘ನಾನು ಬಡ ಕುಟುಂಬದಿಂದ ಬಂದವಳು, ಚೆನ್ನಾಗಿ ಓದಿ ದೇಶಸೇವೆ ಮಾಡುವ ಆಸೆ.’ ಇದರಲ್ಲಿ ಸುಳ್ಳಿಲ್ಲ, ಆದರೆ ಓದುವವರಿಗೆ ನೀವು ಕಾಣಿಸುವುದಿಲ್ಲ. ಬದಲಿಗೆ ಹೀಗೆ ಬರೆಯಿರಿ: ‘ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಬೆಳಿಗ್ಗೆ ತಮ್ಮನನ್ನು ಶಾಲೆಗೆ ಕಳಿಸಿ ಕಾಲೇಜಿಗೆ ಹೋಗುತ್ತಿದ್ದೆ. ಲೆಕ್ಕಶಾಸ್ತ್ರದಲ್ಲಿ ಮೊದಲ ಕಿರುಪರೀಕ್ಷೆಯಲ್ಲಿ ಫೇಲಾಗಿದ್ದೆ, ವಾರ್ಷಿಕ ಪರೀಕ್ಷೆಯಲ್ಲಿ 91 ಬಂತು. ಬಿ.ಕಾಂ ಮುಗಿಸಿ ಸಿಎ ಇಂಟರ್ ಬರೆಯಬೇಕು. ಈ ದುಡ್ಡಿನಲ್ಲಿ ಕಾಲೇಜು ಫೀಸು ಮತ್ತು ಬಸ್ ಪಾಸ್ ಆಗುತ್ತದೆ.’ ನಾಲ್ಕೈದು ಸಾಲಿನಲ್ಲಿ ಮನೆ, ಶ್ರಮ, ಗುರಿ, ಖರ್ಚು ಎಲ್ಲವೂ ಬಂತು. ಕನ್ನಡದಲ್ಲಿ ಬರೆಯಲು ಅವಕಾಶ ಇದ್ದರೆ ಕನ್ನಡದಲ್ಲೇ ಬರೆಯಿರಿ. ಬಾರದ ಇಂಗ್ಲಿಷ್‌ನಲ್ಲಿ ಬೇರೆಯವರಿಂದ ಬರೆಸಿದ ಮಾತು ಸಂದರ್ಶನದ ದಿನ ಕೈಕೊಡುತ್ತದೆ. ಉಪನ್ಯಾಸಕರ ಶಿಫಾರಸು ಪತ್ರ ಬೇಕಾದರೆ ಎರಡು ವಾರ ಮೊದಲೇ ಕೇಳಿ. ‘ಸರ್, ಇದು ನನ್ನ ಅಂಕಪಟ್ಟಿ, ಇದು ಯೋಜನೆಯ ವಿವರ’ ಅಂತ ಜತೆಗೇ ಕೊಟ್ಟರೆ ಅವರಿಗೂ ಬರೆಯುವುದು ಸುಲಭ.

ದುಡ್ಡು ಕೇಳಿದವರ ಹತ್ತಿರ ನಿಲ್ಲಬೇಡಿ. ಎಸ್‌ಎಸ್‌ಪಿ, ಎನ್‌ಎಸ್‌ಪಿ ಅರ್ಜಿಗೆ ಸರ್ಕಾರಕ್ಕೆ ಯಾವ ಶುಲ್ಕವೂ ಇಲ್ಲ. ‘ನಿಮಗೆ ವಿದ್ಯಾರ್ಥಿವೇತನ ಮಂಜೂರಾಗಿದೆ, ಒಟಿಪಿ ಹೇಳಿ’ ಅಂತ ಫೋನ್ ಬಂದರೆ ಅದು ಮೋಸವೇ.

ಸಲ್ಲಿಸಿದ ಮೇಲೆ

ಸಬ್‌ಮಿಟ್ ಒತ್ತಿದರೆ ಅರ್ಧ ಕೆಲಸ ಆಯಿತು. ಅರ್ಜಿ ಮೊದಲು ಬರುವುದು ನಿಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ನೋಡಿಕೊಳ್ಳುವ ನೋಡಲ್ ಅಧಿಕಾರಿಯ ಲಾಗಿನ್‌ಗೆ. ಅವರು ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅದು ಅಲ್ಲೇ ಉಳಿಯುತ್ತದೆ. ಪ್ರಿಂಟ್ ಮತ್ತು ದಾಖಲೆಗಳ ಪ್ರತಿಯನ್ನು ಒಯ್ದು ಕೊಡಿ, ವಾರಕ್ಕೊಮ್ಮೆ ಸ್ಟೇಟಸ್ ನೋಡಿ. ‘ಡಿಫೆಕ್ಟ್’ ಅಂತ ಬಂದರೆ ತಿರಸ್ಕಾರ ಅಂದುಕೊಳ್ಳಬೇಡಿ. ಏನೋ ತಪ್ಪಿದೆ, ತಿದ್ದಿ ಮತ್ತೆ ಕಳಿಸಿ ಅಂತ ಅರ್ಥ. ಅದಕ್ಕೂ ಒಂದು ಕೊನೆಯ ದಿನ ಇರುತ್ತದೆ. ಕಾಲೇಜಿನಲ್ಲಿ ಕೆಲಸ ಆಗದಿದ್ದರೆ ಸಂಬಂಧಪಟ್ಟ ಇಲಾಖೆಯ ತಾಲ್ಲೂಕು ಅಥವಾ ಜಿಲ್ಲಾ ಕಚೇರಿಗೆ ಅರ್ಜಿ ಸಂಖ್ಯೆ ಹಿಡಿದು ಹೋಗಿ.

ಹಾಸ್ಟೆಲ್ ಬೇಕಾದವರಿಗೆ ಅರ್ಜಿ ಬೇರೆ, ಪೋರ್ಟಲ್ ಕೂಡ ಬೇರೆ. ಎರಡನೆಯ ವರ್ಷಕ್ಕೆ ನವೀಕರಣವೂ ತಾನಾಗಿ ಆಗುವುದಿಲ್ಲ. ಪಿಎಂ-ಯುಎಸ್‌ಪಿಗೆ ಶೇ 50 ಅಂಕ, ಶೇ 75 ಹಾಜರಿ ಬೇಕು.

ಮನೆಯಲ್ಲಿ ಎಂಟನೆಯ ತರಗತಿಯ ತಮ್ಮನೋ ತಂಗಿಯೋ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿದ್ದರೆ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆಯ ಬಗ್ಗೆ ಅವರ ಮುಖ್ಯ ಶಿಕ್ಷಕರನ್ನು ಕೇಳಿ. ಆದಾಯ 3.5 ಲಕ್ಷದೊಳಗಿದ್ದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಆಧಾರ್ ಕೇಂದ್ರಕ್ಕೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ.