ಮುಯ್ಯಾಳಿನ ಹಾಗೆ ಮುಯ್ಯಿ ಯೂನಿಟ್ಟು

"ಹಳ್ಳದ ಕರೆಂಟಿಗೂ ಲೆಕ್ಕ ಇಡ್ತೀರಾ?" ಅಂತ ನಗಾಡಿದವರೇ ಈಗ ಪುಸ್ತಕ ತೆರೆಸಿ ಯೂನಿಟ್ ಬರೆಸುತ್ತಾರೆ. ಅಕ್ಕಪಕ್ಕದ ಮೂರು ಮನೆ ಹೀಗೆ ಲೆಕ್ಕ ಇಟ್ಟು ಕರೆಂಟು ಹಂಚಿಕೊಂಡು ಮೂರು ಮಳೆಗಾಲ ಜಗಳವಿಲ್ಲದೆ ಕಳೆದಿದೆ. ಹಾಗಾಗಿ ಬರೆಯಲು ಧೈರ್ಯ ಬಂತು.

ಶೃಂಗೇರಿ ಕಡೆಯ ನಮ್ಮ ತೋಟದ ಹಳ್ಳಕ್ಕೆ 25 ಮೀಟರ್ ಇಳಿಜಾರು. ಕರೆಂಟು ಹುಟ್ಟಿಸುವ ಟರ್ಬೈನಿಗೆ ಸೆಕೆಂಡಿಗೆ 6 ಲೀಟರ್ ನೀರು ಬಿಟ್ಟರೆ 800 ವ್ಯಾಟ್ ಆಸುಪಾಸು ಬರುತ್ತದೆ, ಡಿಸೆಂಬರ್‌ವರೆಗೆ ಹಗಲೂ ರಾತ್ರಿ. ಗುಡ್ಡದ ಮನೆಯವರದ್ದು 2 ಕಿಲೋವ್ಯಾಟ್ ಸೋಲಾರ್ ಮತ್ತು ಬ್ಯಾಟರಿ. ಕೆಳಗಿನ ಮನೆಯಲ್ಲಿ ಎರಡೂ ಇಲ್ಲ, ಆದರೆ ವೈರು ಹೋಗುವುದು ಅವರ ತೋಟದಲ್ಲೇ.

ಮೊದಲ ವರ್ಷ ಸುಮ್ನೆ ಕೊಟ್ಟೆ. ಸಂಜೆ ಏಳಕ್ಕೆ ಕೆಳಗಿನ ಮನೆಯವರು ಇಸ್ತ್ರಿ ಪೆಟ್ಟಿಗೆ ಹಾಕಿದರೆ ಮೂರೂ ಮನೆಯ ದೀಪ ಮಂಕು. ಗುಡ್ಡದ ಮನೆಯ ಫ್ರಿಜ್ ಸುಟ್ಟಿತು. ರಿಪೇರಿಗೆ ನಾಲ್ಕೂವರೆ ಸಾವಿರವೇನೋ, ನಾನೇ ತೆತ್ತೆ.

ಎರಡನೇ ವರ್ಷ ಮೀಟರ್ ಕೂರಿಸಿ, ಯೂನಿಟ್ಟಿಗೆ ಯೂನಿಟ್ಟು ಅಂದೆ. ದುಡ್ಡಿನ ಮಾತಿಲ್ಲ. ಮಳೆಗಾಲದಲ್ಲಿ ನಾನು ಕೊಟ್ಟಷ್ಟು ಬೇಸಿಗೆಯಲ್ಲಿ ಅವರು ವಾಪಸ್ ಕೊಡಬೇಕು. ಏಪ್ರಿಲ್‌ನಲ್ಲಿ ಗುಡ್ಡದವರು ಸಿಟ್ಟಾದರು. "ನಿಮ್ಮದು ಹರಿದುಹೋಗುವ ನೀರು, ನಮ್ಮ ಬ್ಯಾಟರಿ ಸವೆಯುತ್ತೆ." ಸರಿಯಾಗೇ ಹೇಳಿದರು. ಅದರ ಮೇಲೆ ನಾನು ಅಗ್ಗಕ್ಕೆ ತಂದ ಒಂದೂವರೆ ಎಂಎಂ ವೈರು 350 ಮೀಟರ್ ಎಳೆದಿದ್ದೆ. ಹತ್ತರಲ್ಲಿ ಒಂದು ಯೂನಿಟ್ ದಾರಿಯಲ್ಲೇ ಮಾಯ. ಹನ್ನೆರಡು ಸಾವಿರ ನೀರಿಗೆ ಹೋಯಿತು. ಈಗ ಹತ್ತು ಎಂಎಂ ಅಲ್ಯೂಮಿನಿಯಂ, ನಷ್ಟ ನೂರಕ್ಕೆ ಮೂರು.

ದಾರಿ ತೋರಿಸಿದ್ದು ಮುಯ್ಯಾಳು, ಅಂದರೆ ಇವತ್ತು ನಾನು ನಿಮ್ಮ ಕೆಲಸಕ್ಕೆ ಬಂದರೆ ನಾಳೆ ನೀವು ನನ್ನ ಕೆಲಸಕ್ಕೆ ಬಂದು ತೀರಿಸುವ ಪದ್ಧತಿ. ಅಡಿಕೆ ಕೊನೆಕೊಯ್ಲಿನ ದಿನ ಬಂದ ಆಳೂ ಬಿಡುವಿನ ದಿನ ಬಂದ ಆಳೂ ಒಂದೇ ಅಲ್ಲ ಅಲ್ವಾ? ಹಾಗೇ ಸಂಜೆ ಆರರಿಂದ ಹತ್ತರೊಳಗೆ ಕೊಟ್ಟ ಯೂನಿಟ್ಟಿಗೆ ಪುಸ್ತಕದಲ್ಲಿ ಎರಡು ಯೂನಿಟ್ ಜಮೆ, ಹಗಲಿನದಕ್ಕೆ ಒಂದು, ಬ್ಯಾಟರಿಯಿಂದ ಬಂದಿದ್ದಕ್ಕೆ ಮೂರು. ಸಂಜೆಯ ಮೀಟರ್ ಬೇರೆ, ಟೈಮರ್ ಮೇಲೆ.

ಯಾರೂ ಬಳಸದೆ ಹೆಚ್ಚಾದ ಹಳ್ಳದ ಕರೆಂಟು ನಮ್ಮ ಬಚ್ಚಲ ಹಂಡೆಯ ಹೀಟರಿಗೆ ಹೋಗುತ್ತದೆ. ಆ ಹೀಟರಿಗೆ ಜೊತೆಯಾಗಿ ಒಂದು ಕೆಂಪು ಬಲ್ಬ್ ಹಾಕಿ ಕಂಬದ ಮೇಲೆ ಕಟ್ಟಿದೆ. ಎರಡೂ ಮನೆಯ ಜಗಲಿಗೆ ಕಾಣುತ್ತದೆ. ಬಲ್ಬ್ ಪ್ರಖರವಾಗಿದ್ದರೆ ಬಳಸಿದ್ದೆಲ್ಲ ಪುಕ್ಕಟೆ. ಈಗ ಬಲ್ಬ್ ನೋಡಿಯೇ ರೈಸ್ ಕುಕ್ಕರ್ ಇಡುತ್ತಾರೆ. ಆ ಹೊತ್ತಲ್ಲಿ ಮೀಟರ್ ನಿಲ್ಲಿಸುವ ಉಪಾಯ ಮಾತ್ರ ಇಲ್ಲಿ ಬರೆಯಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಅದೇ ಬಿಸಿಯಲ್ಲಿ ಅಡಿಕೆ ಒಣಗಿಸಲೂ ಹೋದೆ. ಒಂದು ಬುಟ್ಟಿ ಬೂಸ್ಟು ಹಿಡಿಯಿತು, ಬಿಟ್ಟೆ.

ಲಖನೌನಲ್ಲಿ 2020ರಲ್ಲಿ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳಲ್ಲಿ ಒಟ್ಟಿಗೆ ಇಡುವ, ಸುಲಭಕ್ಕೆ ತಿದ್ದಲಾಗದ ಲೆಕ್ಕದ ಪುಸ್ತಕ) ಹಾಕಿ ಛಾವಣಿ ಸೋಲಾರನ್ನು ಅಕ್ಕಪಕ್ಕದವರಿಗೆ ಮಾರುವ ಪ್ರಯೋಗ ಮಾಡಿದರು. ನಮ್ಮದು ನೂರು ಪುಟದ ನೋಟ್‌ಬುಕ್ಕು.

ಕೆಳಗಿನ ಮನೆಯವರು ಏನು ಕೊಡಬೇಕು ಅನ್ನುವುದೇ ಕಗ್ಗಂಟಾಗಿತ್ತು. ವೈರಿನ ದಾರಿಗೆ ತಿಂಗಳಿಗೆ ಹತ್ತು ಯೂನಿಟ್ ಜಮೆ ಮಾಡಿದೆ. ಬೆಳಿಗ್ಗೆ ಹಳ್ಳದ ಜಾಲರಿಯ ಎಲೆ ಬಿಡಿಸಿದರೆ ದಿನಕ್ಕೊಂದು. ಜುಲೈನ ಜಡಿಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಅವರು ಒಂದು ದಿನವೂ ತಪ್ಪಿಸಲಿಲ್ಲ.

ದೀಪಾವಳಿಗೆ ಲೆಕ್ಕ ಚುಕ್ತಾ ಮಾಡಿದಾಗ ಕರೆಂಟೇ ಹುಟ್ಟದ ಆ ಮನೆಗೆ ನಾನೇ 14 ಯೂನಿಟ್ ಬಾಕಿ. ಇಸ್ತ್ರಿ ಹಾಕಿ ವಸೂಲಿ ಮಾಡಿಕೊಳ್ಳುತ್ತಾರಂತೆ.